ಮಿತಾಕ್ಷರಾಕಾರ ವಿಜ್ಞಾನೇಶ್ವರರು

ಕಲ್ಯಾಣವೆಂದೊಡನೆ ಕನ್ನಡಿಗರ ಮನಸ್ಸು ಬಸವಾದಿ ಪ್ರಮಥರ ಕಡೆಗೆ ಹರಿಯುವುದು ಸಹಜವಾದುದು. ಆದರೆ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊರುವುದಕ್ಕೆ ಸುಮಾರು ಅರ್ಧ ಶತಮಾನದಷ್ಟು ಹಿಂದೆಯೇ ಅದೇ ಪಟ್ಟಣದಲ್ಲಿ ಯತಿವರೇಣ್ಯರೊಬ್ಬರು ಕುಳಿತು ಒಂದು ವ್ಯಾಖ್ಯಾನ ಗ್ರಂಥವನ್ನು ರಚಿಸಿದರು. ಬಂಗಾಳ ಪ್ರಾಂತವೊಂದನ್ನು ಬಿಟ್ಟರೆ ಭರತಖಂಡದ ಬಹುಭಾಗದಲ್ಲಿ ತಂದೆಯ ಆಸ್ತಿ ಮಕ್ಕಳಿಗೆ ಹೇಗೆ ಸಲ್ಲಬೇಕು, ಅಣ್ಣತಮ್ಮಂದಿರು ಹೇಗೆ ಪಾಲಾಗಬೇಕು, ಗಂಡನನ್ನು ಕಳೆದುಕೊಂಡವಳಿಗೆ ಏನು ದೊರೆಯಬೇಕು ಎಂಬ ಪ್ರಶ್ನೆಗಳಿಗೆ ಎಂಟು ಶತಮಾನಗಳಿಗೂ ಮಿಕ್ಕಿ ಉತ್ತರ ಹೇಳಿದ ಗ್ರಂಥವದು. ಅದರ ಹೆಸರು ಮಿತಾಕ್ಷರಾ, ಬರೆದವರು ವಿಜ್ಞಾನೇಶ್ವರರು. ನ್ಯಾಯಶಾಸ್ತ್ರವನ್ನು ಓದಲು ಹೊರಟ ಯಾವ ವಿದ್ಯಾರ್ಥಿಯೂ ಮೊದಲ ವರ್ಷದಲ್ಲಿಯೇ ಈ ಹೆಸರನ್ನು ಕೇಳುತ್ತಾನೆ. ಅದು ಕನ್ನಡ ನೆಲದಲ್ಲಿ ಹುಟ್ಟಿದ ಹೆಸರೆಂಬುದನ್ನು ಬಲ್ಲವರು ಮಾತ್ರ ಅಷ್ಟಾಗಿ ಇಲ್ಲ.

ವಿಜ್ಞಾನೇಶ್ವರರು ಭಾರದ್ವಾಜ ಗೋತ್ರದವರು. ಪದ್ಮನಾಭ ಭಟ್ಟೋಪಾಧ್ಯಾಯರ ಪುತ್ರರು. ಉತ್ತಮರೆಂಬ ಗುರುಗಳ ಶಿಷ್ಯರು. ಕಲಬುರಗಿ ಜಿಲ್ಲೆಯ ಮರತೂರು ಅವರ ಊರೆಂದು ಆ ಸೀಮೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಲ್ಲಿ ಅವರ ಹೆಸರಿನ ಭವನವೂ ಎದ್ದಿದೆ. ಪೂರ್ವಮೀಮಾಂಸೆಯಲ್ಲಿ ಅವರದು ಅಗಾಧವಾದ ಪಾಂಡಿತ್ಯ. ವೇದವಾಕ್ಯಗಳ ಅರ್ಥವನ್ನು ನಿಷ್ಕರ್ಷಿಸುವುದಕ್ಕಾಗಿ ಬೆಳೆದು ಬಂದ ಆ ಶಾಸ್ತ್ರದ ಯುಕ್ತಿಗಳನ್ನು ಹೊಲ, ಮನೆ, ಸಾಲ, ಸಾಕ್ಷಿಗಳ ವಿಚಾರಕ್ಕೆ ತಂದು ಬಳಸಿದ್ದೇ ಅವರ ದೊಡ್ಡಸ್ತಿಕೆ. ಗ್ರಂಥದ ಅಧ್ಯಾಯಾಂತ್ಯಗಳಲ್ಲಿ ಅವರನ್ನು ಪರಮಹಂಸ ಪರಿವ್ರಾಜಕಾಚಾರ್ಯರೆಂದು ಕರೆದಿದೆ. ಎಂದರೆ ಮನೆಮಠ, ಹೊಲಗದ್ದೆ, ದಾಯಾದಿ ಸಂಬಂಧ ಎಲ್ಲವನ್ನೂ ತೊರೆದು ಹೊರಟ ಸಂನ್ಯಾಸಿ. ಆಶ್ರಮಾಂತರವನ್ನು ಹೊಕ್ಕವನಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲವೆಂಬುದು ಅವರೇ ವಿವರಿಸಿದ ನಿಯಮ. ತನಗೆ ಯಾವ ಪಾಲೂ ಇಲ್ಲದವರೊಬ್ಬರು ಲೋಕದ ಪಾಲುಪಟ್ಟಿಗಳನ್ನು ತಿದ್ದಿದರೆಂಬುದು ಚರಿತ್ರೆಯ ಒಂದು ವಿಚಿತ್ರ.

ಅವರಿಗೆ ಆಶ್ರಯವಿತ್ತ ದೊರೆ ಕಲ್ಯಾಣ ಚಾಲುಕ್ಯ ವಂಶದ ಆರನೆಯ ವಿಕ್ರಮಾದಿತ್ಯ. ಕ್ರಿ. ಶ. 1076ರಲ್ಲಿ ಪಟ್ಟವೇರಿ 1126ರ ವರೆಗೆ ಐವತ್ತು ವರ್ಷ ಆಳಿದ ಈ ಅರಸನು ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನ ವಿಕ್ರಮವರ್ಷವನ್ನೇ ನಡೆಸಿದನು. ಕಾಶ್ಮೀರದಿಂದ ಹೊರಟು ಬಂದ ಬಿಲ್ಹಣ ಕವಿ ಅವನ ಚರಿತೆಯನ್ನು ವಿಕ್ರಮಾಂಕದೇವಚರಿತವೆಂಬ ಮಹಾಕಾವ್ಯವಾಗಿ ಹಾಡಿದ್ದೂ ಆ ಕಾಲದಲ್ಲಿಯೇ. ಕವಿ ಅರಸನ ಪರಾಕ್ರಮವನ್ನು ಬಣ್ಣಿಸಿದನು; ಯತಿಗಳು ಅರಸನ ನ್ಯಾಯಸಭೆ ಹೇಗೆ ನಡೆಯಬೇಕೆಂಬುದನ್ನು ಬರೆದರು. ಮಿತಾಕ್ಷರೆಯ ಕೊನೆಯ ಪದ್ಯಗಳಲ್ಲಿ ಮಾತ್ರ ವಿಜ್ಞಾನೇಶ್ವರರು ಸ್ವಲ್ಪ ಸಲಿಗೆ ವಹಿಸಿ, ಕಲ್ಯಾಣದಂಥ ಪಟ್ಟಣವನ್ನೂ ವಿಕ್ರಮನಂಥ ದೊರೆಯನ್ನೂ ತಮ್ಮಂಥ ಪಂಡಿತನನ್ನೂ ಭೂಮಿಯಲ್ಲಿ ಬೇರೆಲ್ಲಿಯೂ ಕಾಣಲಾಗದೆಂಬ ಅರ್ಥ ಬರುವಂತೆ ಹೇಳಿಕೊಂಡಿದ್ದಾರೆ. ಸಂನ್ಯಾಸಿಗೆ ಇಷ್ಟು ಆತ್ಮಪ್ರಶಂಸೆ ಸಲ್ಲದೆಂದು ಮೂಗು ಮುರಿಯುವವರು ಗ್ರಂಥವನ್ನು ಓದಿ ಮುಗಿಸಿದ ಮೇಲೆ ಆ ಮಾತನ್ನು ಆಡಲಿ.

ಯಾಜ್ಞವಲ್ಕ್ಯ ಸ್ಮೃತಿಯು ಸಾವಿರಕ್ಕೆ ತುಸು ಮಿಗಿಲಾದ ಶ್ಲೋಕಗಳ ಕಿರಿದಾದ ಗ್ರಂಥ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂಬ ಮೂರು ಅಧ್ಯಾಯಗಳು ಅದರಲ್ಲಿವೆ. ಸೂತ್ರಪ್ರಾಯವಾದ ಆ ಶ್ಲೋಕಗಳಿಗೆ ಬರೆದ ಟೀಕೆಯೇ ಮಿತಾಕ್ಷರಾ. ಅಳೆದು ತೂಗಿ ಇಟ್ಟ ಅಕ್ಷರಗಳುಳ್ಳದ್ದೆಂದು ಆ ಹೆಸರಿನ ಅರ್ಥ. ಟೀಕೆಯೆಂಬ ಹೆಸರಿದ್ದರೂ ಮನು, ನಾರದ, ಬೃಹಸ್ಪತಿ, ಕಾತ್ಯಾಯನಾದಿಗಳ ವಚನಗಳನ್ನೆಲ್ಲ ಒಂದೆಡೆ ತಂದು, ಒಂದಕ್ಕೊಂದು ವಿರುದ್ಧವೆನಿಸಿದವುಗಳಿಗೆ ವಿಷಯವಿಭಾಗ ಮಾಡಿ, ಸ್ವತಂತ್ರ ನಿಬಂಧವೇ ಆಗಿ ನಿಂತ ಗ್ರಂಥವಿದು. ಇಲ್ಲಿ ನಮಗೆ ಪ್ರಸ್ತುತವಾದುದು ವ್ಯವಹಾರಾಧ್ಯಾಯ. ವ್ಯವಹಾರವೆಂದರೆ ಇಂದಿನ ಮಾತಿನಲ್ಲಿ ವ್ಯಾಜ್ಯ. ಇನ್ನೊಬ್ಬನಿಗೆ ವಿರೋಧವಾಗಿ ಒಂದು ವಸ್ತುವನ್ನು ತನ್ನದೆಂದು ಹೇಳುವುದೇ ವ್ಯವಹಾರವೆಂದು ಅವರು ಲಕ್ಷಣ ಹೇಳುತ್ತಾರೆ. ಈ ಹೊಲ ನನ್ನದೆಂದು ಒಬ್ಬನು, ಅಲ್ಲ ನನ್ನದೆಂದು ಮತ್ತೊಬ್ಬನು. ಉದಾಹರಣೆಗೆ ಅವರು ಎತ್ತಿಕೊಂಡದ್ದೇ ಹೊಲವನ್ನು.

ಇಂಥ ಜಗಳ ನ್ಯಾಯಸಭೆಯ ಮುಂದೆ ಬಂದಾಗ ಅದು ನಾಲ್ಕು ಕಾಲುಗಳ ಮೇಲೆ ನಡೆಯಬೇಕು. ವಾದಿಯು ತನ್ನ ದೂರನ್ನು ನಿರೂಪಿಸುವುದು ಭಾಷಾಪಾದ. ಪ್ರತಿವಾದಿಯ ಮರುಮಾತು ಉತ್ತರಪಾದ. ಪ್ರಮಾಣಗಳನ್ನು ಒಡ್ಡುವುದು ಕ್ರಿಯಾಪಾದ. ಸಾಧಿಸಬೇಕಾದುದು ಸಾಧಿತವಾಯಿತೇ ಇಲ್ಲವೇ ಎಂಬ ನಿರ್ಣಯ ಸಾಧ್ಯಸಿದ್ಧಿಪಾದ. ಸಭ್ಯರು ತಮ್ಮತಮ್ಮೊಳಗೆ ಮಾಡುವ ಸಮಾಲೋಚನೆಯನ್ನೂ ಒಂದು ಪಾದವೆಂದು ಎಣಿಸಿದವರುಂಟು. ವಿಜ್ಞಾನೇಶ್ವರರು ಅದನ್ನು ಒಪ್ಪುವುದಿಲ್ಲ. ಅದು ನ್ಯಾಯಾಧೀಶರ ಕೆಲಸವೇ ಹೊರತು ವ್ಯಾಜ್ಯ ಹೂಡಿದವರ ಕೆಲಸವಲ್ಲವೆಂಬುದು ಅವರ ಕಾರಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಯು ವಾದಪತ್ರ, ಲಿಖಿತ ಹೇಳಿಕೆ, ಸಾಕ್ಷ್ಯ, ತೀರ್ಪು ಎಂಬ ಕ್ರಮವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಸಂಹಿತೆಯ ನಡುಬೆನ್ನು ಅವನಿಗೆ ಮರೆಯದು. ಆ ಸಂಹಿತೆ ಬಂದದ್ದು ಇಂಗ್ಲೆಂಡಿನ ಪದ್ಧತಿಯಿಂದ, ಮಿತಾಕ್ಷರೆಯಿಂದಲ್ಲ. ಆದರೂ ಎರಡು ಕಡೆಯೂ ಜಗಳವನ್ನು ಬಗೆಹರಿಸುವ ಬುದ್ಧಿ ಒಂದೇ ದಾರಿಯನ್ನು ತುಳಿದಿರುವುದು ಗಮನಿಸತಕ್ಕ ಸಂಗತಿ.

ಭಾಷೆಯೆಂದರೆ ಇಲ್ಲಿ ದಾವೆಯ ಬರಹ. ಅದಕ್ಕೇ ಪಕ್ಷವೆಂದೂ ಪ್ರತಿಜ್ಞೆಯೆಂದೂ ಹೆಸರುಂಟು. ಪ್ರತಿವಾದಿಯ ಎದುರಿನಲ್ಲಿಯೇ ಅದನ್ನು ಬರೆಯಬೇಕು; ಸಂವತ್ಸರ, ಮಾಸ, ಪಕ್ಷ, ದಿನ, ಹೆಸರು, ಜಾತಿ ಮೊದಲಾದುವು ಅದರಲ್ಲಿ ಇರಬೇಕು. ಮೊದಲು ಹಲಗೆಯ ಮೇಲೋ ನೆಲದ ಮೇಲೋ ಸುಣ್ಣದ ಕಡ್ಡಿಯಿಂದ ಬರೆದು, ಹೆಚ್ಚು ಕಡಿಮೆಗಳನ್ನು ತಿದ್ದಿ, ಅನಂತರ ಪತ್ರಕ್ಕೆ ಏರಿಸಬೇಕು. ಎದುರಾಳಿಯ ಉತ್ತರ ಬರುವ ತನಕ ತಿದ್ದುಪಡಿಗೆ ಅವಕಾಶವುಂಟು. ಉತ್ತರ ಬಂದ ಮೇಲೆ ಇಲ್ಲ. ಇಂದಿನ ಸಂಹಿತೆಯಲ್ಲಿಯೂ ವಾದಪತ್ರದ ತಿದ್ದುಪಡಿಗೆ ಅವಕಾಶವಿದ್ದು, ವಿಚಾರಣೆ ಆರಂಭವಾದ ಮೇಲೆ ಅದಕ್ಕೆ ಬಿಗಿಯಾದ ಕಟ್ಟುಪಾಡಿದೆ. ಗಡಿಯನ್ನು ಎಲ್ಲಿ ಹಾಕಬೇಕೆಂಬುದರಲ್ಲಿ ಭೇದ. ಗಡಿ ಬೇಕೆಂಬುದರಲ್ಲಿ ಭೇದವಿಲ್ಲ.

ಎಲ್ಲ ದೂರುಗಳೂ ದೂರುಗಳಲ್ಲ. ವಿಚಾರಣೆಗೆ ಅರ್ಹವಲ್ಲದ ದೂರನ್ನು ಪಕ್ಷಾಭಾಸವೆಂದು ಕರೆದು ಅವರು ಕೊಡುವ ಉದಾಹರಣೆಗಳನ್ನು ಓದುವಾಗ ಮುಖದಲ್ಲಿ ನಗೆ ಮೂಡದಿರದು. ನನ್ನ ಮೊಲದ ಕೊಂಬನ್ನು ಕದ್ದನೆಂದರೆ ಅದು ಅಪ್ರಸಿದ್ಧ, ಲೋಕದಲ್ಲಿಯೇ ಇಲ್ಲದ ವಸ್ತು. ನನ್ನ ಮನೆಯ ದೀಪದ ಬೆಳಕಿನಲ್ಲಿ ಇವನು ತನ್ನ ಮನೆಯ ಕೆಲಸ ಮಾಡಿಕೊಳ್ಳುತ್ತಾನೆಂದರೆ ಅದು ನಿರಾಬಾಧ. ವಾದಿಗೆ ನಷ್ಟವೇನೂ ಆಗಿಲ್ಲ. ದೇವದತ್ತನು ನನ್ನ ಮನೆಯ ಹತ್ತಿರ ಇಂಪಾದ ದನಿಯಲ್ಲಿ ಓದುತ್ತಾನೆಂಬುದು ನಿಷ್ಪ್ರಯೋಜನ. ಹುಬ್ಬು ಕುಣಿಸಿ ನನ್ನನ್ನು ಅಣಕಿಸಿದನೆಂಬುದು ಅಸಾಧ್ಯ, ರುಜುವಾತು ಮಾಡಲು ಬಾರದು. ಮೂಕನು ನನ್ನನ್ನು ಬೈದನೆಂಬುದು ವಿರುದ್ಧ. ವ್ಯಾಜ್ಯಕಾರಣವನ್ನು ತೋರಿಸದ ವಾದಪತ್ರವನ್ನು ನ್ಯಾಯಾಲಯವು ತಿರಸ್ಕರಿಸಬೇಕೆಂದು ಇಂದಿನ ಸಂಹಿತೆಯ ಏಳನೆಯ ಆದೇಶದ ಹನ್ನೊಂದನೆಯ ನಿಯಮ ಹೇಳುತ್ತದೆ. ಅಧ್ಯಾಪಕರು ಈ ನಿಯಮವನ್ನು ಪಾಠ ಹೇಳುವಾಗ ಮಿತಾಕ್ಷರೆಯ ದೀಪದ ಬೆಳಕನ್ನು ತಂದುಕೊಂಡರೆ ವಿದ್ಯಾರ್ಥಿಗಳು ಜನ್ಮಪೂರ್ತಿ ಮರೆಯಲಾರರು.

ಉತ್ತರವು ನಾಲ್ಕು ಬಗೆ. ವಾದಿ ಹೇಳಿದುದು ನಿಜವೆಂದು ಒಪ್ಪುವುದು ಸತ್ಯೋತ್ತರ. ಸುಳ್ಳೆನ್ನುವುದು ಮಿಥ್ಯೋತ್ತರ, ಅದರಲ್ಲಿ ಮತ್ತೆ ನಾಲ್ಕು ವಿಧ: ಇದು ಸುಳ್ಳು, ನಾನರಿಯೆ, ಆಗ ನಾನು ಅಲ್ಲಿರಲಿಲ್ಲ, ಆಗ ನಾನು ಹುಟ್ಟಿಯೇ ಇರಲಿಲ್ಲ. ಸಾಲ ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ, ಅಥವಾ ಅದನ್ನು ದಾನವಾಗಿ ಪಡೆದೆನೆಂದು ಬೇರೆ ಕಾರಣ ಒಡ್ಡುವುದು ಪ್ರತ್ಯವಸ್ಕಂದನ. ಇದೇ ವಿಷಯದಲ್ಲಿ ಇವನು ಹಿಂದೆಯೇ ನನ್ನೆದುರು ಸೋತಿದ್ದಾನೆಂಬುದು ಪ್ರಾಙ್ನ್ಯಾಯ. ಈ ಕಡೆಯದನ್ನೇ ಇಂದಿನ ನ್ಯಾಯವಾದಿಗಳು ಲ್ಯಾಟಿನ್ ಭಾಷೆಯಲ್ಲಿ ರೆಸ್ ಜುಡಿಕೇಟಾ ಎನ್ನುತ್ತಾರೆ; ಸಂಹಿತೆಯ 11ನೆಯ ಪ್ರಕರಣ ಅದಕ್ಕೆ ಮೀಸಲು. ಈ ವಿಭಾಗದಿಂದ ಪ್ರಯೋಜನವೇನೆಂದರೆ, ರುಜುವಾತಿನ ಭಾರ ಯಾರ ಹೆಗಲಿಗೆ ಬೀಳಬೇಕೆಂಬುದು ಉತ್ತರದ ಬಗೆಯಿಂದಲೇ ಗೊತ್ತಾಗುತ್ತದೆ. ಮಿಥ್ಯೋತ್ತರವಾದರೆ ವಾದಿಯು ಸಾಧಿಸಿ ತೋರಿಸಬೇಕು. ತೀರಿಸಿದ್ದೇನೆಂದೋ ಹಿಂದೆ ಗೆದ್ದಿದ್ದೇನೆಂದೋ ಹೇಳಿದರೆ ಪ್ರತಿವಾದಿಯೇ ಸಾಧಿಸಬೇಕು. ಒಪ್ಪಿಕೊಂಡರೆ ಯಾರೂ ಏನನ್ನೂ ಸಾಧಿಸಬೇಕಾಗಿಲ್ಲ, ವ್ಯವಹಾರವು ಎರಡೇ ಕಾಲಿನಲ್ಲಿ ಮುಗಿಯುತ್ತದೆ. 1872ರ ಸಾಕ್ಷ್ಯ ಅಧಿನಿಯಮವೂ, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುವ ಭಾರದ ತತ್ತ್ವ ಇದಕ್ಕಿಂತ ದೂರದ್ದಲ್ಲ.

ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರಹ, ಅನುಭವ, ಕಂಡವರ ಮಾತು. ಈ ಮೂರೂ ಇಲ್ಲದೆಡೆ ತಕ್ಕಡಿ, ಬೆಂಕಿ, ನೀರು, ವಿಷ, ಕೋಶವೆಂಬ ದಿವ್ಯಗಳನ್ನು ಸ್ಮೃತಿಯು ವಿಧಿಸುತ್ತದೆ. ವಿಜ್ಞಾನೇಶ್ವರರು ಅವುಗಳ ವಿಧಾನವನ್ನೂ ದೀರ್ಘವಾಗಿ ವಿವರಿಸಿದ್ದಾರೆ. ಮುಟ್ಟಿದರೆ ಸುಡುವ ಕಬ್ಬಿಣದಿಂದ ಸತ್ಯ ಹೊರಬೀಳುವುದೆಂಬ ನಂಬಿಕೆಯನ್ನು ಇಂದು ಯಾರೂ ಸಮರ್ಥಿಸಲಾರರು. ವರ್ಣಾನುಸಾರವಾಗಿ ದಂಡದಲ್ಲಿ ತಾರತಮ್ಯ ಮಾಡುವ ಶ್ಲೋಕಗಳನ್ನೂ ಅವರು ಹಾಗೆಯೇ ಒಪ್ಪಿ ವಿವರಿಸಿದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದೇ ಕಲ್ಯಾಣದಲ್ಲಿ ಮುಂದಿನ ತಲೆಮಾರುಗಳಲ್ಲಿ ಎದ್ದ ಪ್ರಶ್ನೆಗಳು ಇಂಥ ಶ್ಲೋಕಗಳ ಬುಡಕ್ಕೇ ತಗುಲಿದುವು. ಆದರೆ ಅವರ ಎಚ್ಚರ ಎಂಥದೆಂಬುದಕ್ಕೂ ನಿದರ್ಶನಗಳಿವೆ. ತುಟಿಯಂಚನ್ನು ನೆಕ್ಕುವುದು, ಹಣೆ ಬೆವರುವುದು, ಮಾತು ತಡವರಿಸುವುದು, ನಿಂತಲ್ಲಿ ನಿಲ್ಲದಿರುವುದು ಸುಳ್ಳುಗಾರನ ಚಿಹ್ನೆಗಳೆಂದು ಸ್ಮೃತಿ ಹೇಳುತ್ತದೆ. ಟೀಕಾಕಾರರು ಅಲ್ಲಿ ತಡೆದು ನಿಲ್ಲುತ್ತಾರೆ: ಇವು ಸಂಶಯಕ್ಕೆ ಮಾತ್ರ ಕಾರಣ, ನಿಶ್ಚಯಕ್ಕಲ್ಲ, ಸಹಜವಾದ ವಿಕಾರ ಯಾವುದು, ತಪ್ಪಿನಿಂದ ಹುಟ್ಟಿದ ವಿಕಾರ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಮೊದಲ ಬಾರಿಗೆ ಸಾಕ್ಷಿಕಟ್ಟೆ ಹತ್ತಿದ ಹಳ್ಳಿಗನ ಕೈ ನಡುಗುವುದನ್ನು ಕಂಡವರಿಗೆ ಈ ಒಂದು ವಾಕ್ಯದ ಬೆಲೆ ತಿಳಿಯುತ್ತದೆ.

ನ್ಯಾಯಸಭೆಯಲ್ಲಿ ಕುಳಿತವರ ಮೇಲೂ ಅವರ ಕಣ್ಣಿದೆ. ಸ್ನೇಹದಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪಾಗಿ ತೀರ್ಪಿತ್ತ ಸಭ್ಯರು ಒಬ್ಬೊಬ್ಬರೂ ವಿವಾದದ ಇಮ್ಮಡಿ ದಂಡ ತೆರಬೇಕೆಂದು ಮೂಲಶ್ಲೋಕ. ವಿವಾದದ ಇಮ್ಮಡಿಯೆಂದರೆ ಯಾವುದರ ಇಮ್ಮಡಿ? ವಿವಾದದ ವಸ್ತುವಿನ ಬೆಲೆಯದೇ? ಹಾಗೆ ಹೇಳಿದರೆ, ವಸ್ತುವೇ ಇಲ್ಲದ ಪರಸ್ತ್ರೀಸಂಬಂಧವೇ ಮೊದಲಾದ ಅಪರಾಧಗಳಲ್ಲಿ ತಪ್ಪು ತೀರ್ಪಿತ್ತವರಿಗೆ ದಂಡವೇ ಇಲ್ಲದಂತಾಗುತ್ತದೆ. ಆದ್ದರಿಂದ ಸೋತವನು ತೆರಬೇಕಾದ ದಂಡದ ಇಮ್ಮಡಿಯೆಂದೇ ಅರ್ಥಮಾಡಬೇಕೆಂದು ಅವರ ನಿರ್ಣಯ. ಶಾಸನವಾಕ್ಯವೊಂದನ್ನು ಅರ್ಥೈಸುವಾಗ ಯಾವ ಅರ್ಥದಿಂದ ಉಳಿದ ಪ್ರಕರಣಗಳು ಕೈತಪ್ಪಿಹೋಗುತ್ತವೆಂಬುದನ್ನು ನೋಡಬೇಕೆಂಬ ಪಾಠ ಇಲ್ಲಿದೆ.

ಮೇಲ್ಮನವಿಯ ಸೋಪಾನವನ್ನೂ ಅವರು ಸ್ಪಷ್ಟಪಡಿಸಿದ್ದಾರೆ. ಬಂಧುಗಳ ಕುಲ, ಒಂದೇ ಕಸುಬಿನವರ ಶ್ರೇಣಿ, ಒಂದೇ ಊರಿನಲ್ಲಿ ನೆಲಸಿದ ನಾನಾ ಜಾತಿ ನಾನಾ ವೃತ್ತಿಯವರ ಪೂಗ, ಅರಸನು ನೇಮಿಸಿದ ಅಧಿಕಾರಿಗಳು. ಒಂದಕ್ಕಿಂತ ಒಂದು ಮೇಲು. ಕೆಳಗೆ ಮುಗಿದ ವಿವಾದ ಮೇಲಕ್ಕೆ ಹೋಗಬಹುದು, ಮೇಲೆ ಮುಗಿದುದು ಕೆಳಕ್ಕೆ ಬರಲಾರದು. ವೀಳ್ಯದೆಲೆಯವರು, ನೇಕಾರರು, ಚರ್ಮಕಾರರು ತಮ್ಮ ಶ್ರೇಣಿಯೊಳಗೆ ನ್ಯಾಯ ತೀರಿಸಿಕೊಳ್ಳುತ್ತಿದ್ದ ಕಾಲದ ನೆನಪು ಈ ಸಾಲುಗಳಲ್ಲಿ ಉಳಿದಿದೆ.

ಇನ್ನು ಭೂಮಿಯ ವಿಚಾರ. ಒಡೆಯನು ನೋಡುತ್ತಿರುವಂತೆಯೇ, ತಕರಾರಿಲ್ಲದೆ ಇಪ್ಪತ್ತು ವರ್ಷ ಪರನೊಬ್ಬನು ಅನುಭವಿಸಿದ ಭೂಮಿಗೆ ಹಾನಿಯೆಂದು ಶ್ಲೋಕ ಹೇಳುತ್ತದೆ. ಹಾನಿಯೆಂದರೆ ಒಡೆತನವೇ ಹೋಯಿತೆಂದು ಹಲವರು ಅರ್ಥಮಾಡಿದರು. ವಿಜ್ಞಾನೇಶ್ವರರು ಹಾಗೆ ಒಪ್ಪಲಿಲ್ಲ. ಸುಮ್ಮನಿದ್ದ ತಪ್ಪಿಗೆ ಅಷ್ಟು ವರ್ಷಗಳ ಫಲ ಹೋಗುತ್ತದೆ, ಭೂಮಿ ಹೋಗುವುದಿಲ್ಲವೆಂಬುದು ಅವರ ನಿಲುವು. ಅನ್ಯಾಯವಾಗಿ ಅನುಭವಿಸಿದವನು ಎಷ್ಟು ಕಾಲ ಅನುಭವಿಸಿದರೂ ಅನ್ಯಾಯಗಾರನೇ. ಇಂದಿನ ಕಾನೂನು ಇಲ್ಲಿ ಅವರಿಂದ ಬೇರೆಯಾಗಿದೆ. 1963ರ ಕಾಲಪರಿಮಿತಿ ಅಧಿನಿಯಮದಂತೆ ಹನ್ನೆರಡು ವರ್ಷಗಳ ಪ್ರತಿಕೂಲ ಸ್ವಾಧೀನದಿಂದ ಒಡೆಯನ ಹಕ್ಕೇ ನಂದಿಹೋಗಬಹುದು. ಊರುಬಿಟ್ಟು ಹೋದ ಬಡ ಒಡೆಯನ ಪಕ್ಷ ವಹಿಸಿದವರು ಯತಿಗಳೇ ಎನ್ನಬೇಕು.

ಅವರ ಕೀರ್ತಿಯನ್ನು ದಿಗಂತಕ್ಕೆ ಒಯ್ದದ್ದು ದಾಯಭಾಗ ಪ್ರಕರಣ. ಅಲ್ಲಿ ಮೊದಲು ಎತ್ತುವ ಪ್ರಶ್ನೆಯೇ ಘನವಾದುದು: ಒಡೆತನವೆಂಬುದು ಶಾಸ್ತ್ರದಿಂದ ತಿಳಿಯುವ ವಸ್ತುವೋ, ಲೋಕದಿಂದ ತಿಳಿಯುವ ವಸ್ತುವೋ? ಲೌಕಿಕವೇ ಎಂದು ಅವರ ಸಿದ್ಧಾಂತ. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಡುಕೊಳ್ಳುವಿಕೆ ಮಾಡಿ ಇದು ನನ್ನದು, ಅದು ನಿನ್ನದು ಎನ್ನುತ್ತಾರಲ್ಲವೇ ಎಂದು ಅವರು ಕೇಳುತ್ತಾರೆ. ಸಂನ್ಯಾಸಿಯ ಬಾಯಿಂದ ಬಂದ ಈ ಮಾತಿನಿಂದಾಗಿ ಆಸ್ತಿಯ ವಿಚಾರ ಯುಕ್ತಿಗೂ ಅನುಭವಕ್ಕೂ ಒಳಪಟ್ಟಿತು. ಎರಡನೆಯದಾಗಿ, ಪಿತಾಮಹನಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆ ಸಾಯುವ ತನಕ ಕಾಯಬೇಕಾಗಿಲ್ಲ. ಆದುದರಿಂದಲೇ ಆಪತ್ತು, ಕುಟುಂಬಪೋಷಣೆ, ಧರ್ಮಕಾರ್ಯಗಳ ಹೊರತು ಸ್ಥಿರಾಸ್ತಿಯನ್ನು ತಂದೆಯು ತನ್ನಿಚ್ಛೆಯಂತೆ ಪರಭಾರೆ ಮಾಡಬಾರದು. ಇನ್ನೂ ಹುಟ್ಟದವರಿಗೂ ಜೀವನೋಪಾಯ ಬೇಕಷ್ಟೆ. ಬಂಗಾಳದ ಜೀಮೂತವಾಹನನ ದಾಯಭಾಗವು ಇದಕ್ಕೆ ವಿರುದ್ಧವಾಗಿ ತಂದೆಯ ಮರಣಾನಂತರವೇ ಮಗನ ಹಕ್ಕೆಂದಿತು. ಹಿಂದೂ ನ್ಯಾಯದ ಎರಡು ದೊಡ್ಡ ಸಂಪ್ರದಾಯಗಳು ಕವಲೊಡೆದದ್ದು ಇಲ್ಲಿ. ಸಪಿಂಡರೆಂದರೆ ಪಿಂಡವಿಕ್ಕುವ ಸಂಬಂಧದವರಲ್ಲ, ಒಂದೇ ದೇಹದ ಅಂಶವನ್ನು ಹಂಚಿಕೊಂಡವರೆಂಬ ಅವರ ಅರ್ಥವಿವರಣೆಯೂ ಇದರ ಜೊತೆಗೆ ಸೇರಿತು.

ಸ್ತ್ರೀಯರ ವಿಷಯದಲ್ಲಿ ಅವರ ಬುದ್ಧಿ ಕಾಲಕ್ಕೆ ಎಷ್ಟೋ ಮುಂದಿತ್ತು. ವಿಭಕ್ತನಾಗಿದ್ದು ಗಂಡುಸಂತಾನವಿಲ್ಲದೆ ಸತ್ತವನ ಆಸ್ತಿಯೆಲ್ಲ ಅವನ ಹೆಂಡತಿಗೆ ಸಲ್ಲಬೇಕು. ಅಣ್ಣತಮ್ಮಂದಿರು ಅವಳ ಅನಂತರದವರು. ತಾಯಿತಂದೆಗಳಲ್ಲಿ ತಾಯಿಗೆ ಮೊದಲ ಸ್ಥಾನ. ತಂದೆಯು ಸವತಿಯ ಮಕ್ಕಳಿಗೂ ಸಾಧಾರಣ, ತಾಯಿಯಾದರೋ ತನ್ನ ಮಗನಿಗೇ ಹತ್ತಿರದವಳು. ಸ್ತ್ರೀಧನವೆಂದರೆ ಮದುವೆಯಲ್ಲಿ ಕೊಟ್ಟ ಒಡವೆವಸ್ತ್ರ ಮಾತ್ರವೇ ಎಂಬ ಪ್ರಶ್ನೆ ಬಂದಾಗ, ಆ ಪದವನ್ನು ಅದರ ಸಹಜಾರ್ಥದಲ್ಲಿಯೇ ಹಿಡಿಯಬೇಕೆಂದು, ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ, ಸಿಕ್ಕಿದ್ದರಿಂದ ಬಂದು ಸ್ತ್ರೀಯ ಕೈಸೇರಿದುದೆಲ್ಲವೂ ಸ್ತ್ರೀಧನವೇ ಎಂದರು. ಮದುವೆಯಾಗದ ಹೆಣ್ಣುಮಗಳಿಗೆ ಕಾಲುಪಾಲು. ಅದು ಮದುವೆಯ ಖರ್ಚಿನ ಮಾತಷ್ಟೇ ಎಂದು ಹೇಳುವವರನ್ನು ಖಂಡಿಸಿ, ಅದು ನಿಜವಾದ ಪಾಲೇ ಎಂದು ಅಂಕಗಣಿತದಿಂದ ತೋರಿಸುತ್ತಾರೆ: ಒಬ್ಬ ಮಗ, ಒಬ್ಬ ಮಗಳಿದ್ದರೆ ಆಸ್ತಿಯನ್ನು ಎರಡು ಮಾಡಿ, ಒಂದು ಭಾಗವನ್ನು ನಾಲ್ಕು ಮಾಡಿ, ಅದರಲ್ಲೊಂದು ಮಗಳಿಗೆ, ಎಂದರೆ ಒಟ್ಟಿನ ಎಂಟನೆಯ ಒಂದು. ಹುಟ್ಟಿನ ಹಕ್ಕನ್ನು ಮಗಳಿಗೂ ಕೊಡುವಷ್ಟು ದೂರ ಅವರು ಹೋಗಲಿಲ್ಲ. ಆ ಒಂದು ಹೆಜ್ಜೆಗೆ ನಾಡು ಒಂಬೈನೂರು ವರ್ಷ ಕಾಯಬೇಕಾಯಿತು.

ಹೆಜ್ಜೆ ಮುಂದೆ ಹೋಗುವುದಿರಲಿ, ನಡುವೆ ಹಿಂದಕ್ಕೂ ಹೋಯಿತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಆಂಗ್ಲ ವಿದ್ವಾಂಸನು ಮಿತಾಕ್ಷರೆಯ ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದನು. ಅಲ್ಲಿಂದ ಕಂಪೆನಿಯ, ಅನಂತರ ರಾಣಿಯ ನ್ಯಾಯಾಲಯಗಳಲ್ಲಿ ಕಲ್ಯಾಣದ ಯತಿಯ ಮಾತೇ ಕಾನೂನಾಯಿತು. ಆದರೆ ಸ್ತ್ರೀಧನದ ವಿಷಯದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಅವರ ವಿಶಾಲಾರ್ಥವನ್ನು ಕೈಬಿಟ್ಟು, ಉತ್ತರಾಧಿಕಾರದಿಂದ ಸ್ತ್ರೀಗೆ ಬಂದ ಆಸ್ತಿಯಲ್ಲಿ ಅವಳದು ಜೀವಮಾನದ ಪರಿಮಿತ ಹಕ್ಕು ಮಾತ್ರವೆಂದು ತೀರ್ಮಾನಿಸಿತು. ಮುಂಬಯಿ ಪ್ರಾಂತದಲ್ಲಿ ಮಾತ್ರ ಕೆಲವು ಬಗೆಯ ಆಸ್ತಿಗೆ ಸಡಿಲಿಕೆ ಉಳಿಯಿತು. ಅಸಂಖ್ಯ ವಿಧವೆಯರು ತಮ್ಮ ಕೈಯಲ್ಲಿದ್ದ ಹೊಲವನ್ನು ಮಾರಲಾರದೆ, ದಾನ ಕೊಡಲಾರದೆ, ಮೈದುನಂದಿರ ಕಾವಲಿನಲ್ಲಿ ದಿನ ಕಳೆದರು. ದೋಷ ಗ್ರಂಥದ್ದಾಗಿರಲಿಲ್ಲ, ಓದಿದವರದಾಗಿತ್ತು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ತಂದು, ಪಾಲಿನ ಸಮಯದಲ್ಲಿ ಮದುವೆಯಾಗದ ಮಗಳಿಗೆ ಸಹೋದರನ ಭಾಗದ ನಾಲ್ಕನೆಯ ಒಂದಂಶವನ್ನು ಗೊತ್ತುಮಾಡಿತು. ವಿಜ್ಞಾನೇಶ್ವರರ ಕಾಲುಪಾಲು ಹೀಗೆ ತಿರುಗಿ ಬಂದಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣವು ಸ್ತ್ರೀಯು ಹೊಂದಿದ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯನ್ನಾಗಿ ಮಾಡಿತು. ಆ ಪ್ರಕರಣದ ವಿವರಣೆಯಲ್ಲಿ ಉತ್ತರಾಧಿಕಾರ, ವಿಭಾಗ, ಕ್ರಯ ಎಂದು ಎಣಿಸಿರುವ ಪಟ್ಟಿಯನ್ನು ಓದಿದರೆ ಮಿತಾಕ್ಷರೆಯ ಸಾಲುಗಳನ್ನೇ ಓದಿದಂತಾಗುತ್ತದೆ.

ಹುಟ್ಟಿನ ಹಕ್ಕು ಮಾತ್ರ ಆಗಲೂ ಗಂಡುಮಕ್ಕಳದೇ ಆಗಿ ಉಳಿಯಿತು. ಕರ್ನಾಟಕವು 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ, ಅದಕ್ಕೆ ಮೊದಲು ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಸಹದಾಯಾದಿಗಳನ್ನಾಗಿ ಮಾಡಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಬಂದು ಮದುವೆಯಾದವರಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕೇ ಎಂಬ ತೊಡಕನ್ನು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ, ಬೇಕಾಗಿಲ್ಲವೆಂದು ಬಿಡಿಸಿತು. ಹಕ್ಕು ಹುಟ್ಟಿನಿಂದ ಬರುವುದಾದರೆ ತಂದೆಯ ಸಾವುಬದುಕು ಅದಕ್ಕೆ ಅಡ್ಡಬರಬಾರದಲ್ಲವೇ? ಯತಿಗಳು ಮಗನಿಗಾಗಿ ಹೂಡಿದ ಯುಕ್ತಿಯೇ ಮಗಳ ಪಾಲಿಗೆ ಒದಗಿತು.

ಈ ಯುಕ್ತಿ ಇಂದು ಹೆಚ್ಚಾಗಿ ಪರೀಕ್ಷೆಗೊಳಗಾಗುತ್ತಿರುವ ನೆಲಗಳಲ್ಲಿ ಬೆಂಗಳೂರಿನ ಹೊರವಲಯವೂ ಒಂದು. ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದುವು. 1970ರ ದಶಕದ ಕೊನೆಯಲ್ಲಿ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಳಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. 1990ರ ದಶಕದಲ್ಲಿ ವೈಟ್‌ಫೀಲ್ಡಿನ ತೋಟಗಳ ನಡುವೆ ಗಾಜಿನ ಕಟ್ಟಡಗಳು ಬಂದುವು. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಕೋಟಿಗಳ ಬೆಲೆ ಬಂದ ದಿನದಿಂದ, ಗಂಡನ ಮನೆಗೆ ಹೋಗಿ ಹಬ್ಬಕ್ಕೆ ಮಾತ್ರ ತವರಿಗೆ ಬರುತ್ತಿದ್ದ ಅಕ್ಕತಂಗಿಯರ ಹೆಸರುಗಳು ದಾವೆಗಳಲ್ಲಿ ವಾದಿಗಳ ಸಾಲಿಗೆ ಬಂದುವು. ಆನೇಕಲ್ಲಿನ ಸಿವಿಲ್ ನ್ಯಾಯಾಲಯದಲ್ಲಾಗಲಿ ಬೆಂಗಳೂರಿನ ನ್ಯಾಯಾಲಯಗಳಲ್ಲಾಗಲಿ ಇಂಥದೊಂದು ಪಾಲಿನ ದಾವೆ ನಡೆಯುವ ಬಗೆಯನ್ನು ನೋಡಬೇಕು. ಆಸ್ತಿ ಪಿತ್ರಾರ್ಜಿತವೆಂದೂ ಇನ್ನೂ ಪಾಲಾಗಿಲ್ಲವೆಂದೂ ವಾದಪತ್ರ ಹೇಳುತ್ತದೆ, ಅದು ಭಾಷೆ. ಸಮನ್ಸು ಮುಟ್ಟಿದ ಮೇಲೆ 30 ದಿನಗಳಲ್ಲಿ, ಕಾರಣವಿದ್ದರೆ 90 ದಿನಗಳೊಳಗೆ, ಅಣ್ಣತಮ್ಮಂದಿರ ಲಿಖಿತ ಹೇಳಿಕೆ ಬರಬೇಕು. ಆಸ್ತಿಯೇ ನಮ್ಮ ಸ್ವಾರ್ಜಿತವೆಂದರೆ ಮಿಥ್ಯೋತ್ತರ; ಮದುವೆಯ ಕಾಲದಲ್ಲಿ ಹಣ ಕೊಟ್ಟು ಹಕ್ಕುಬಿಡುಗಡೆ ಪತ್ರ ಬರೆಸಿಕೊಂಡಿದ್ದೇವೆಂದರೆ ಪ್ರತ್ಯವಸ್ಕಂದನ; ಹಿಂದಿನ ದಾವೆಯಲ್ಲಿಯೇ ಇದು ತೀರಿದೆಯೆಂದರೆ ಪ್ರಾಙ್ನ್ಯಾಯ. ಅನಂತರ ನ್ಯಾಯಾಧೀಶರು ವಿವಾದಾಂಶಗಳನ್ನು ರಚಿಸುತ್ತಾರೆ. ಪಹಣಿ, ಮ್ಯುಟೇಷನ್, ಕ್ರಯಪತ್ರಗಳು ಲಿಖಿತ. ಉಳುಮೆ ಯಾರದೆಂಬುದು ಭುಕ್ತಿ. ಮುಖ್ಯ ವಿಚಾರಣೆ, ಪಾಟೀಸವಾಲುಗಳಿಗೆ ನಿಂತವರು ಸಾಕ್ಷಿಗಳು. ವಾದ ಮುಗಿದ ಮೇಲೆ ತೀರ್ಪು. ಪಾಲಿನ ದಾವೆಯಲ್ಲಿ ಮೊದಲು ಯಾರಿಗೆಷ್ಟೆಂದು ಹೇಳುವ ಪ್ರಾಥಮಿಕ ಡಿಕ್ರಿ, ಅಳೆದು ಗುರುತು ಹಾಕಿದ ಬಳಿಕ ಅಂತಿಮ ಡಿಕ್ರಿ. ಸರ್ಕಾರವು ಭೂಮಿಯನ್ನು ಆಗಲೇ ವಶಪಡಿಸಿಕೊಂಡಿದ್ದರೆ ಜಗಳ ಪರಿಹಾರಧನದ ಹಂಚಿಕೆಗೆ ತಿರುಗುತ್ತದೆ. ಹಕ್ಕುಬಿಡುಗಡೆ ಪತ್ರಕ್ಕೆ ಏನೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದೆನೆಂದು ಹೇಳುವ ಅಕ್ಕನಿಗೂ, ತಂದೆತಾಯಿಯನ್ನು ಕಡೆಗಾಲದಲ್ಲಿ ನೋಡಿಕೊಂಡವರು ನಾವೆಂದು ಹೇಳುವ ತಮ್ಮನಿಗೂ ನಡುವೆ ಕುಳಿತ ನ್ಯಾಯಾಧೀಶರ ಕೆಲಸ ಸುಲಭವಾದುದಲ್ಲ.

ಮಿತಾಕ್ಷರೆಯಲ್ಲಿ ಯತಿಯ ಆಸ್ತಿ ಯಾರಿಗೆಂಬ ಪ್ರಶ್ನೆಯೂ ಬರುತ್ತದೆ. ಸಂನ್ಯಾಸಿಗೆ ಆಸ್ತಿಯೆಲ್ಲಿಯದೆಂಬ ಆಕ್ಷೇಪಕ್ಕೆ, ಮಾನ ಮುಚ್ಚುವ ಬಟ್ಟೆ, ಯೋಗಸಾಧನೆಯ ಸಲಕರಣೆ, ಪಾದುಕೆ ಇವು ಉಂಟಲ್ಲವೇ ಎಂದು ಸಮಾಧಾನ. ಅವು ಸಲ್ಲುವುದು ರಕ್ತಸಂಬಂಧಿಗಳಿಗಲ್ಲ, ಸಚ್ಛಿಷ್ಯನಿಗೆ. ಶಿಷ್ಯನಾದರೂ ದುರ್ವೃತ್ತನಾಗಿದ್ದರೆ ಅವನಿಗೂ ಇಲ್ಲ. ವಿಜ್ಞಾನೇಶ್ವರರು ಬಿಟ್ಟುಹೋದ ಪಾದುಕೆಗಳೂ ಓಲೆಗರಿಯ ಕಟ್ಟುಗಳೂ ಈ ನಿಯಮಕ್ಕೆ ಒಳಪಟ್ಟವೇ ಆಗಿದ್ದುವು.